ಒಟ್ಟು ಮಾಡಿದ ಎರಡು ಲಕ್ಷ ಫೀಸಿಗೆ ಕೊಡಬೇಡಿ

ಪ್ರಶ್ನೆ: ಬ್ರಹ್ಮಾವರ ಹತ್ತಿರದ ನಮ್ಮ ಯುವಕ ಮಂಡಲದವರು ಸೇರಿ 2 ಲಕ್ಷ ರೂಪಾಯಿ ಒಟ್ಟು ಮಾಡಿದ್ದೇವೆ. ನಮ್ಮೂರಿನ ಕೊರಗ ಸಮುದಾಯದ ಹುಡುಗಿಯೊಬ್ಬಳು ಈ ವರ್ಷ ಬಿಎಸ್ಸಿ ಮುಗಿಸುತ್ತಾಳೆ. ಒಳ್ಳೆಯ ಅಂಕ ಇದೆ. ಹೊರದೇಶದಲ್ಲಿ ಎಂಎಸ್ಸಿ ಮಾಡುವ ಆಸೆ. ತಾಯಿ ಬುಟ್ಟಿ ಹೆಣೆಯುತ್ತಾರೆ, ತಂದೆ ಕೂಲಿಗೆ ಹೋಗುತ್ತಾರೆ. ಒಟ್ಟು ಖರ್ಚು 30 ಲಕ್ಷ ಅಂತ ಕೇಳಿ ನಮ್ಮ ಕೈಕಾಲು ತಣ್ಣಗಾಯಿತು. ನಮ್ಮ 2 ಲಕ್ಷ ಯಾವ ಮೂಲೆಗೆ?

ಉತ್ತರ: ಆ ದುಡ್ಡಲ್ಲಿ ಒಂದು ರೂಪಾಯಿಯನ್ನೂ ಫೀಸಿಗೆ ಕೊಡಬೇಡಿ. ಫೀಸು ಕಟ್ಟಲು ಸರ್ಕಾರ ಇದೆ. ಅಲ್ಲಿಗೆ ಅರ್ಜಿ ಹಾಕುವ ಹಂತದವರೆಗಿನ ಚಿಲ್ಲರೆ ಖರ್ಚನ್ನು ಮಾತ್ರ ಯಾರೂ ಕೊಡುವುದಿಲ್ಲ. ಬಡವರ ಮಕ್ಕಳು ಕೈಚೆಲ್ಲುವುದು ಹೆಚ್ಚಾಗಿ ಅಲ್ಲೇ.

ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 20 ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಓದಲು ಕಳಿಸುತ್ತದೆ. ಅದರಲ್ಲಿ 3 ಸೀಟು ತೀರಾ ಹಿಂದುಳಿದ ಬುಡಕಟ್ಟುಗಳಿಗೇ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಎರಡೇ ಸಮುದಾಯ: ಜೇನುಕುರುಬರು ಮತ್ತು ನಮ್ಮ ಕರಾವಳಿಯ ಕೊರಗರು. ಕುಟುಂಬದ ಆದಾಯ ವರ್ಷಕ್ಕೆ 6 ಲಕ್ಷ ದಾಟಿರಬಾರದು. ಫೀಸು, ಊಟ-ವಸತಿ, ವಿಮಾನದ ಟಿಕೆಟ್ ಎಲ್ಲ ಅವರದೇ. ಈ ಸೀಟಿಗೆ ಅರ್ಹತೆ ಇರುವ ಹುಡುಗಿ ನಿಮ್ಮೂರಲ್ಲೇ ಇದ್ದಾಳೆ, ನೀವು ನೋಡಿದರೆ 30 ಲಕ್ಷದ ಲೆಕ್ಕ ಹಾಕುತ್ತಾ ಕೂತಿದ್ದೀರಿ!

ಜೊತೆಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ, ಹೊರದೇಶದ ಓದಿಗೆ ನೆರವಾಗುವ ‘ಪ್ರಬುದ್ಧ’ ಯೋಜನೆಯನ್ನೂ ವಿಚಾರಿಸಿ. ಅದು ಪರಿಶಿಷ್ಟ ಜಾತಿ, ಪಂಗಡ ಎರಡಕ್ಕೂ ಇರುವುದು. ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ ಆದೇಶವನ್ನೇ ಓದಬೇಕು.

ಮಂಡಲದಲ್ಲಿ ಬೇರೆ ಮಕ್ಕಳೂ ಇರಬಹುದು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಯೋಜನೆ ಇದೆ. ಒಟ್ಟು 125 ಸೀಟು, ಆದಾಯದ ಮಿತಿ 8 ಲಕ್ಷ, ಡಿಗ್ರಿಯಲ್ಲಿ ಶೇ 60 ಅಂಕ ಬೇಕು. ಸೇರುವ ವಿಶ್ವವಿದ್ಯಾಲಯ ಕ್ಯೂಎಸ್ ಎಂಬ ಜಾಗತಿಕ ರ‍್ಯಾಂಕಿಂಗಿನ ಮೊದಲ 500ರಲ್ಲಿರಬೇಕು. ಇದೇ ಯೋಜನೆಯಲ್ಲಿ ಭೂಮಿ ಇಲ್ಲದ ಕೃಷಿ ಕೂಲಿಗಳ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ 4 ಸೀಟು ಇದೆ. ಇರುವುದೇ ನಾಲ್ಕು, ಸರಿ. ಆದರೂ ಹಾಗೊಂದಿದೆ ಅಂತಲೇ ಜಾಸ್ತಿ ಜನರಿಗೆ ಗೊತ್ತಿಲ್ಲ. ಅಲ್ಪಸಂಖ್ಯಾತ ಮಕ್ಕಳಿಗೆ ಸಾಲದ ಬಡ್ಡಿ ಕಟ್ಟುತ್ತಿದ್ದ ‘ಪಢೋ ಪರದೇಶ್’ 2022ರಲ್ಲೇ ನಿಂತುಹೋಗಿದೆ. ಈಗಲೂ ಅದರ ಹೆಸರು ಹೇಳಿ ಅರ್ಜಿ ತುಂಬಿಸುವವರಿದ್ದಾರೆ, ಹುಷಾರು.

ಇನ್ನು ನಿಮ್ಮ 2 ಲಕ್ಷಕ್ಕೆ ಬರುತ್ತೇನೆ. ಮೊದಲ ಕೆಲಸ ಪಾಸ್‌ಪೋರ್ಟ್. ಶುಲ್ಕ 1,500 ರೂಪಾಯಿ. ದುಡ್ಡು ಚಿಕ್ಕದು, ತಲೆಬಿಸಿ ಇರುವುದು ಹೆಸರಿನಲ್ಲಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರಿರುತ್ತದೆ, ಇಲ್ಲವೇ ಹಿಂದೊಂದು ಇನಿಶಿಯಲ್. ಆಧಾರ್‌ನಲ್ಲಿ ತಂದೆಯ ಹೆಸರು ಸೇರಿರುತ್ತದೆ. ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನಾನು ಸಹಾಯ ಮಾಡುತ್ತಿದ್ದ ಹುಡುಗನೊಬ್ಬನಿಗೆ ಒಂದೇ ಒಂದು ‘ಎಚ್’ ಅಕ್ಷರದ ವ್ಯತ್ಯಾಸಕ್ಕೆ ಮೂರು ತಿಂಗಳು ಹೋಯಿತು. ಆ ವರ್ಷದ ಅರ್ಜಿಯ ಕೊನೇ ದಿನವೂ ಹೋಯಿತು. ತಪ್ಪು ನನ್ನದೂ ಇತ್ತು, ಮೊದಲೇ ಎಲ್ಲ ಕಾಗದ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ಹಾಗಾಗಿ ಈ ವಾರವೇ ಆ ಹುಡುಗಿಯ ಎಲ್ಲ ಕಾಗದ ಮೇಜಿನ ಮೇಲೆ ಹರಡಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಸರು ಹೇಗಿದೆಯೋ ಅದೇ ಸ್ಪೆಲ್ಲಿಂಗಿನಲ್ಲಿ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ.

ಆಮೇಲೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಶುಲ್ಕ ಹದಿನೇಳು-ಹದಿನೆಂಟು ಸಾವಿರದ ಆಸುಪಾಸು. ಕೂಲಿ ಮನೆಯಲ್ಲಿ ಅದು ಒಂದು ತಿಂಗಳಿಗಿಂತ ಜಾಸ್ತಿ ದುಡಿಮೆ. ಇಲ್ಲೊಂದು ಗಂಟಿದೆ. ಇಂಗ್ಲಿಷ್ ಪರೀಕ್ಷೆಯ ಅಂಕ ಇನ್ನೂ ಕೊಟ್ಟಿಲ್ಲ ಅಂದರೆ ವಿಶ್ವವಿದ್ಯಾಲಯ ಕೊಡುವುದು ‘ಷರತ್ತಿನ’ ಪ್ರವೇಶ ಪತ್ರ. ನಾನು ಹೇಳಿದ ಸಾಮಾಜಿಕ ನ್ಯಾಯ ಸಚಿವಾಲಯದ ಯೋಜನೆ ಕೇಳುವುದು ಷರತ್ತಿಲ್ಲದ ಪತ್ರ. ಹದಿನೆಂಟು ಸಾವಿರ ಇಲ್ಲದೆ ಪರೀಕ್ಷೆ ಮುಂದೂಡಿದ ಹುಡುಗನ ಕೈಯಿಂದ ಮೂವತ್ತು ಲಕ್ಷ ಜಾರುವುದು ಹೀಗೆ. ಎರಡು ಸಲ ಬರೆಯಲು ಬೇಕಾದಷ್ಟು ತೆಗೆದಿಡಿ. ಮೊದಲ ಸಲವೇ ಬರಬೇಕು ಅನ್ನುವ ಹೆದರಿಕೆಯಲ್ಲೇ ಮಕ್ಕಳು ಸ್ಪೀಕಿಂಗ್‌ನಲ್ಲಿ ತಡವರಿಸುತ್ತಾರೆ.

ಟ್ರಾನ್ಸ್‌ಕ್ರಿಪ್ಟಿಗೆ (ಎಲ್ಲ ಸೆಮಿಸ್ಟರುಗಳ ಅಂಕಗಳ ದೃಢೀಕೃತ ಪಟ್ಟಿ), ಅರ್ಜಿ ಶುಲ್ಕಕ್ಕೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ನಾಲ್ಕು ಸಲ ಓಡಾಡುವ ಬಸ್ಸಿಗೆ ಇನ್ನಷ್ಟು. ಅರ್ಜಿ ಶುಲ್ಕ ಮನ್ನಾ ಮಾಡಿ ಅಂತ ಇಮೇಲ್ ಬರೆದು ಕೇಳಬಹುದು, ನಾಚಿಕೆ ಬೇಡ. ಪ್ರವೇಶ ಸಿಕ್ಕ ಮೇಲೆ ಡೆಪಾಸಿಟ್ ಕಟ್ಟಿ ಅಂದರೆ, ಸ್ಕಾಲರ್‌ಶಿಪ್ ಫಲಿತಾಂಶಕ್ಕೆ ಕಾಯುತ್ತಿದ್ದೇನೆ, ಸಮಯ ಕೊಡಿ ಅಂತ ಅವಳೇ ಬರೆಯಲಿ. ಉಳಿದ 1 ಲಕ್ಷ ಮುಟ್ಟಬೇಡಿ. ಸರ್ಕಾರದ ಮೊದಲ ಕಂತು ತಡವಾಗುವುದುಂಟು. ಅಲ್ಲಿಯ ಬಾಡಿಗೆ ತಡೆಯುವುದಿಲ್ಲ.

ಇನ್ನೊಂದು ಮಾತು. ‘ನಾವು ಕಳಿಸಿದ ಹುಡುಗಿ’ ಅಂತ ಫ್ಲೆಕ್ಸ್ ಹಾಕಿಸಬೇಡಿ ಮಾರಾಯ್ರೆ. ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರ ಆಸೆ ಏನಿತ್ತು ಗೊತ್ತಲ್ವಾ? ಆ ಮಕ್ಕಳು ಓದಿ ದೊಡ್ಡವರಾಗಿ ಓಡಾಡುವ ಗಾಡಿಯ ಧೂಳು ತನ್ನ ತಲೆಗೆ ತಾಗಬೇಕು ಅಂತ. ಕೊಟ್ಟವರು ಎಲ್ಲಿ ನಿಲ್ಲಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಪ್ರಶ್ನೆ: ನಾನು ಬೀಡಿ ಕಟ್ಟುತ್ತೇನೆ, ಮಂಗಳೂರು ತಾಲೂಕು. ಮಗ ದ್ವಿತೀಯ ಪಿಯುಸಿ. ಜರ್ಮನಿಯಲ್ಲಿ ಫೀಸೇ ಇಲ್ಲ, 3 ಲಕ್ಷ ಕೊಟ್ಟರೆ ಕಳಿಸುತ್ತೇವೆ ಅಂತ ಒಬ್ಬ ಏಜೆಂಟರು ಹೇಳುತ್ತಾರೆ. ಚಿನ್ನ ಅಡವಿಡಬಹುದೇ?

ಉತ್ತರ: ಬೇಡ ಅಕ್ಕ. ಫೀಸಿಲ್ಲ ಅನ್ನುವುದು ಮುಕ್ಕಾಲು ಪಾಲು ನಿಜ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೋ, ಬೇರೆ ಕೆಲವು ಕಡೆಯೂ ಫೀಸಿದೆ. ಆದರೆ ವೀಸಾ ಬೇಕಾದರೆ ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. ನಮ್ಮ ಲೆಕ್ಕದಲ್ಲಿ 12 ಲಕ್ಷದ ಆಸುಪಾಸು. ಅದು ಮಗನ ದುಡ್ಡೇ, ಅಲ್ಲಿ ತಿಂಗಳಿಗೆ 992 ಯೂರೋದಂತೆ ಅವನ ಕೈಗೆ ಬರುತ್ತದೆ. ಆದರೂ ಮೊದಲು ಎಲ್ಲಿಂದ ತರುವುದು? ಅದನ್ನು ಏಜೆಂಟರು ಹೇಳಿದ್ದಾರಾ, ಕೇಳಿ ನೋಡಿ. ಅದಲ್ಲದೆ ನಮ್ಮ ಪಿಯುಸಿ ಒಂದನ್ನೇ ನೋಡಿ ಅಲ್ಲಿ ಸಾಮಾನ್ಯವಾಗಿ ಡಿಗ್ರಿಗೆ ಸೇರಿಸಿಕೊಳ್ಳುವುದಿಲ್ಲ. ಇಲ್ಲಿ ಒಂದು ವರ್ಷವಾದರೂ ಡಿಗ್ರಿ ಓದಿರಬೇಕು, ಅಥವಾ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು. ಪಾಠವೂ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ. ಮಗ ಇಲ್ಲೇ ಡಿಗ್ರಿ ಮುಗಿಸಲಿ, ಜೊತೆಗೆ ಜರ್ಮನ್ ಕಲಿಯಲಿ, ಮಾಸ್ಟರ್ಸ್‌ಗೆ ಹೋಗಲಿ. ಆಗ ಯುರೋಪಿನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ಪಿಗೂ ಪ್ರಯತ್ನಿಸಬಹುದು. ಸಿಕ್ಕರೆ ಫೀಸು ಇಲ್ಲ, ತಿಂಗಳಿಗೆ 1,400 ಯೂರೋ ಅವರೇ ಕೊಡುತ್ತಾರೆ. ಚಿನ್ನ ಪೆಟ್ಟಿಗೆಯಲ್ಲೇ ಇರಲಿ.

ಪ್ರಶ್ನೆ: ಪಿಯುಸಿ ಆದ ಕೂಡಲೇ ಖರ್ಚಿಲ್ಲದೆ ಅಮೆರಿಕಕ್ಕೆ ಹೋಗಲು ದಾರಿ ಇದೆಯೇ? ನಾನು ಪ್ರಥಮ ಪಿಯುಸಿ, ಉಡುಪಿ.

ಉತ್ತರ: ಇದೆ, ತುಂಬಾ ಕಿರಿದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವು ಕಡೆ ಹೊರದೇಶದವರನ್ನೂ ದುಡ್ಡು ನೋಡದೆ ಆರಿಸುತ್ತಾರೆ. ಆರಿಸಿದ ಮೇಲೆ ಮನೆಯವರ ಕೈಲಾಗದಷ್ಟನ್ನು ಅವರೇ ತುಂಬುತ್ತಾರೆ. ಸೀಟಿಗೆ ಪೈಪೋಟಿ ಭಯಂಕರ. ಅಂಕ ಒಂದೇ ಸಾಕಾಗುವುದಿಲ್ಲ, ನೀವು ಯಾರು ಅಂತ ನೀವೇ ಬರೆದು ಹೇಳಬೇಕು. ದ್ವಿತೀಯ ಪಿಯುಸಿ ನಡೆಯುವಾಗಲೇ, ನವೆಂಬರ್‌ನಿಂದ ಜನವರಿಯೊಳಗೆ ಅರ್ಜಿ ಹೋಗಬೇಕು. ಅಮೆರಿಕ ಸರ್ಕಾರದ ‘ಎಜುಕೇಶನ್‌ಯುಎಸ್‌ಎ’ದವರು ಮಾಹಿತಿಗೆ ಕಾಸು ಕೇಳುವುದಿಲ್ಲ, ಮೊದಲು ಅಲ್ಲಿ ವಿಚಾರಿಸಿ. ಸಿಇಟಿ ಓದು ಮಾತ್ರ ಬಿಡಬೇಡಿ.