ಡ್ರ್ಯಾಗ್ ಚೈನ್‌ನೊಳಗೆ ಕೇಬಲ್ ಪದೇ ಪದೇ ಯಾಕೆ ತುಂಡಾಗುತ್ತದೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಫೌಂಡ್ರಿಯಿಂದ ಬರುವ ಬೀಡು ಕಬ್ಬಿಣದ ಕಾಸ್ಟಿಂಗ್‌ಗಳ ಕೆಲಸ. ನಮ್ಮ ವಿಎಂಸಿಯ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷಿನ್) ಓಡಾಡುವ ಟೇಬಲ್ ಮೇಲೆ ಕೆಲಸದ ತುಂಡನ್ನು ತಿರುಗಿಸುವ ರೋಟರಿ ಟೇಬಲ್ ಇದೆ. ಅದಕ್ಕೆ ಹೋಗುವ ಮೋಟರ್ ಕೇಬಲ್, ತಿರುಗಿದ ಕೋನ ತಿಳಿಸುವ ಎನ್‌ಕೋಡರ್‌ನ ಕೇಬಲ್ ಎರಡೂ ಡ್ರ್ಯಾಗ್ ಚೈನ್‌ನಲ್ಲಿ, ಅಂದರೆ ಟೇಬಲ್ ಜತೆ ಮಡಚುತ್ತ ಓಡಾಡುವ ಕೊಂಡಿಗಳ ಸರಪಳಿಯೊಳಗೆ ಇವೆ. ಅದರಲ್ಲೇ ತುಂಡನ್ನು ಬಿಗಿಹಿಡಿಯುವ ಹೈಡ್ರಾಲಿಕ್ ಫಿಕ್ಸ್‌ಚರ್‌ನ ಎರಡು ಹೋಸ್‌ಗಳನ್ನೂ ಹಾಕಿದೆವು. ಅಂದಿನಿಂದ ಎನ್‌ಕೋಡರ್ ಕೇಬಲ್ ಎರಡು ಸಲ ಹೋಗಿದೆ. ‘ಗಟ್ಟಿ ಕಟ್ಟಿದ್ರ ಅಲುಗಾಡಂಗಿಲ್ರೀ’ ಎಂದು ನಮ್ಮ ಇಲೆಕ್ಟ್ರಿಷಿಯನ್ ಈ ಸಲ ಎಲ್ಲವನ್ನೂ ಸೇರಿಸಿ ಕೇಬಲ್ ಟೈ ಬಿಗಿದಿದ್ದಾರೆ. ದುಬಾರಿ ಕೇಬಲ್ ತರಿಸಬೇಕೋ, ದೊಡ್ಡ ಚೈನ್ ಹಾಕಿಸಬೇಕೋ?

ಉತ್ತರ: ಎರಡಕ್ಕೂ ಮೊದಲು ಮಷಿನ್‌ನ ಮೇನ್ ಆಫ್ ಮಾಡಿ, ಹೈಡ್ರಾಲಿಕ್ ಪ್ರೆಷರ್ ಇಳಿಸಿ, ಚೈನ್‌ನೊಳಗಿರುವ ಟೈಗಳನ್ನೆಲ್ಲ ಕತ್ತರಿಸಿ ತೆಗೆಯಿರಿ. ಪ್ಯಾನೆಲ್ ಒಳಗೆ ಕಟ್ಟು ಕಟ್ಟುವುದು ಒಳ್ಳೆಯ ಅಭ್ಯಾಸ. ಓಡಾಡುವ ಚೈನ್‌ನಲ್ಲಿ ಅದೇ ಕಟ್ಟು ಕೇಬಲ್‌ಗೆ ಮುಳುವು.

ಲೆಕ್ಕ ಹಾಕಿ ನೋಡಿ. ಒಂದರ ಮೇಲೊಂದು ಕೂತ ಎರಡು ಕೇಬಲ್‌ಗಳ ನಡುಗೆರೆಗಳ ಅಂತರ 12 ಮಿ.ಮೀ. ಎಂದುಕೊಳ್ಳಿ. ಚೈನ್ ಅರ್ಧವೃತ್ತವಾಗಿ ಮಡಚುವ ಕಡೆ ಹೊರಗಿನ ಕೇಬಲ್ ಒಳಗಿನದಕ್ಕಿಂತ ಸುಮಾರು 38 ಮಿ.ಮೀ. ಹೆಚ್ಚು ದೂರ ಸುತ್ತಬೇಕು. ಬಿಡಿಯಾಗಿದ್ದರೆ ಅಷ್ಟು ಜಾರಿಕೊಂಡು ಸರಿಹೋಗುತ್ತದೆ. ಕಟ್ಟಿದ್ದರೆ ಹೊರಗಿನದು ಜಗ್ಗುತ್ತದೆ, ಒಳಗಿನದು ಮುದುಡುತ್ತದೆ. ಟೇಬಲ್ ಹೋಗಿ ಬಂದಾಗಲೆಲ್ಲ ಇದೇ ಹಿಂಸೆ. ಹೊರಗಿನ ಇನ್ಸುಲೇಶನ್ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಾಮ್ರದ ಎಳೆಗಳು ಕಡಿದಿರುತ್ತವೆ. ಟೇಬಲ್ ನಿಂತಾಗ ಮಲ್ಟಿಮೀಟರ್ ಕಂಟಿನ್ಯೂಟಿ (ತಂತಿ ತುಂಡಾಗಿಲ್ಲವೆಂದು) ಸರಿ ತೋರಿಸಿ, ಓಡುವಾಗ ಒಂದೇ ಜಾಗದಲ್ಲಿ ಅಲಾರಂ ಬರುವುದು ಇದೇ ಕಾರಣಕ್ಕೆ.

ಹಾಗಾಗಿ ಪ್ರತಿಯೊಂದಕ್ಕೂ ತನ್ನದೇ ಖಾನೆ ಬೇಕು. ನಡುವೆ ಡಿವೈಡರ್ ಹಾಕಿ, ಒಂದರ ಮೇಲೊಂದು ಏರದಂತೆ ನೋಡಿಕೊಳ್ಳಿ. ಕೇಬಲ್‌ಗೆ ಅದರ ವ್ಯಾಸದ 10%, ಹೋಸ್‌ಗೆ 20% ಖಾಲಿ ಜಾಗ ಬಿಡಬೇಕು. ಭಾರವಾದ ಹೋಸ್‌ಗಳು ಎರಡು ಅಂಚಿಗೆ ಒಂದೊಂದು ಬರಲಿ, ತೂಕ ಸಮವಾಗುತ್ತದೆ. ಒಂದು ಹೋಸ್‌ನ ಪಕ್ಕ ಮೋಟರ್ ಕೇಬಲ್, ಇನ್ನೊಂದರ ಪಕ್ಕ ಎನ್‌ಕೋಡರ್ ಕೇಬಲ್. ಪವರ್ ಮತ್ತು ಸಿಗ್ನಲ್ ಹೀಗೆ ದೂರವಾದರೆ ನಾಯ್ಸ್ (ಸಿಗ್ನಲ್ ಕೆಡಿಸುವ ವಿದ್ಯುತ್ ಅಡಚಣೆ) ತೊಂದರೆಯೂ ಕಡಿಮೆ. ಇಷ್ಟಕ್ಕೆಲ್ಲ ಈಗಿನ ಚೈನ್‌ನಲ್ಲಿ ಜಾಗ ಸಾಲದಿದ್ದರೆ ಆಗ ಅಗಲದ ಚೈನ್ ತರಿಸಿ. ತುರುಕಬೇಡಿ.

ಹೋಸ್‌ನ ಸ್ವಭಾವ ಬೇರೆ. ಪ್ರೆಷರ್ ಬಂದಾಗ ಅದರ ಉದ್ದವೇ ಬದಲಾಗುತ್ತದೆ. ಸಾಮಾನ್ಯ ಹೈಡ್ರಾಲಿಕ್ ಹೋಸ್ 2% ಹಿಗ್ಗಬಹುದು, 4% ಕುಗ್ಗಬಹುದು. ಎರಡು ಮೀಟರ್ ಹೋಸ್‌ನಲ್ಲಿ ಕುಗ್ಗುವುದೇ 80 ಮಿ.ಮೀ.! ಜತೆಗೆ ಕಟ್ಟಿದ ಎನ್‌ಕೋಡರ್ ಕೇಬಲ್ ಎಲ್ಲಿಗೆ ಹೋಗಬೇಕು? ನಿಮ್ಮ ತೊಂದರೆ ಹೋಸ್ ಹಾಕಿದ ಮೇಲೆಯೇ ಶುರುವಾದದ್ದು ಕಾಕತಾಳೀಯವಲ್ಲ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಹೋಸ್‌ಗೆ ಸಡಿಲು ಬಿಡಿ. ಅದರ ಫಿಟ್ಟಿಂಗ್‌ಗಳು ಚೈನ್‌ನ ಹೊರಗಿರಲಿ.

ಇನ್ನು ಕೇಬಲ್‌ನ ಮಾತು. ಚೈನ್‌ಗೆಂದೇ ಮಾಡಿದ, ಸಣ್ಣ ಎಳೆಗಳ ಫ್ಲೆಕ್ಸಿಬಲ್ ಕೇಬಲ್ಲೇ ಬೇಕು. ಪ್ಯಾನೆಲ್ ವೈರಿಂಗ್‌ನ ಸಾಧಾರಣ ಕೇಬಲ್ ಇಲ್ಲಿ ಬಾಳುವುದಿಲ್ಲ. ಬಾಗುವ ತ್ರಿಜ್ಯ ಕೇಬಲ್ ವ್ಯಾಸದ ಹತ್ತು ಪಟ್ಟು ಇದ್ದರೆ ನಿಶ್ಚಿಂತೆ. 12 ಮಿ.ಮೀ. ಕೇಬಲ್‌ಗೆ 120. ಚೈನ್ ಬಾಗುವ ತ್ರಿಜ್ಯ ಬಹಳಷ್ಟು ಚೈನ್‌ಗಳ ಕೊಂಡಿಯ ಮೇಲೇ ಅಚ್ಚಾಗಿರುತ್ತದೆ, ಒರೆಸಿ ನೋಡಿ.

ಹೊಸ ಕೇಬಲ್ ಬಿಚ್ಚುವಾಗ ಸುರುಳಿಯ ಬದಿಯಿಂದ ಎಳೆಯಬೇಡಿ, ತಿರುಚು ಒಳಗೇ ಉಳಿಯುತ್ತದೆ. ಸುರುಳಿಯನ್ನು ನೆಲದ ಮೇಲೆ ಉರುಳಿಸುತ್ತ ಬಿಚ್ಚಿ, ಒಂದು ರಾತ್ರಿ ತೂಗುಹಾಕಿ. ಚೈನ್ ಮುಚ್ಚಳ ತೆಗೆದು ಒಂದೊಂದಾಗಿ ನೇರವಾಗಿ ಮಲಗಿಸಿ, ಕೇಬಲ್‌ಗಳನ್ನು ಎರಡೂ ತುದಿಯಲ್ಲಿ ಕ್ಲ್ಯಾಂಪ್ ಮಾಡಿ. ಹೊದಿಕೆ ಹಿಡಿದರೆ ಸಾಕು, ಹಿಚುಕಬಾರದು.

ಬೀಡಿನ ಪುಡಿಯ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಕೆಲಸದಲ್ಲಿ ಅದೇ ದೊಡ್ಡ ಶತ್ರು. ಆ ಕರಿ ಪುಡಿ ಖಾನೆಗಳಲ್ಲಿ ಕೂತು ಹೊದಿಕೆಯನ್ನು ಉಜ್ಜುತ್ತದೆ. ಏರ್ ಗನ್ ಹೊಡೆದರೆ ಇನ್ನೂ ಒಳಗೆ ಸೇರುತ್ತದೆ. ಬ್ರಷ್ ಮತ್ತು ವ್ಯಾಕ್ಯೂಮ್ ಬಳಸಿ. ಮುಂದೆ ಚೈನ್ ಬದಲಿಸುವ ಸಂದರ್ಭ ಬಂದರೆ ಪೂರ್ತಿ ಮುಚ್ಚಿದ ನಮೂನೆಯದನ್ನೇ ಕೇಳಿ.

ಜೋಡಣೆ ಮುಗಿದ ಮೇಲೆ ಟೇಬಲ್ಲನ್ನು ಎರಡೂ ತುದಿಗೆ ನಿಧಾನವಾಗಿ ಜಾಗ್ ಮಾಡಿ (ಬಟನ್ ಒತ್ತಿ ಸ್ವಲ್ಪ ಸ್ವಲ್ಪವೇ ಸರಿಸಿ), ಮಷಿನ್ ನಿಲ್ಲಿಸಿ, ಚೈನ್ ಮಡಚುವ ಕಡೆ ಪ್ರತಿ ಕೇಬಲ್ ಬೆರಳಿಗೆ ಸಡಿಲವಾಗಿ ಸಿಗುತ್ತದೆಯೇ ಮುಟ್ಟಿ ನೋಡಿ. ಕೆಲವು ವಾರ ಓಡಿದ ಮೇಲೆ ಕೇಬಲ್‌ಗಳು ಸ್ವಲ್ಪ ಸರಿದಿರುತ್ತವೆ, ಆಗ ಮತ್ತೊಮ್ಮೆ ಸಡಿಲು ಸರಿಪಡಿಸಿ.