ಮನೆವಾರ್ತೆ ಪ್ರಶ್ನೋತ್ತರ: ಗುಳಿ ಬಿದ್ದ ಹಾಸಿಗೆ

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ. ಅವರು ಮಲಗುವ ತೆಂಗಿನ ನಾರಿನ ಹಾಸಿಗೆ ಎಂಟು ವರ್ಷ ಹಳೆಯದು. ಸೊಂಟ ಬರುವ ಜಾಗದಲ್ಲಿ ಗುಳಿ ಬಿದ್ದಿದ್ದು, ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ ಎನ್ನುತ್ತಾರೆ. ಅದರ ಮೇಲೊಂದು ಫೋಮ್ ಹಾಸಿದರೆ ಸಾಕೆಂದು ಮಗ ಹೇಳುತ್ತಾನೆ, ಹೊಸದನ್ನೇ ಕೊಳ್ಳಬೇಕೆಂದು ಅಂಗಡಿಯವರು ಹೇಳುತ್ತಾರೆ, ನೆಲದ ಮೇಲೆ ಚಾಪೆ ಹಾಕಿಕೊಳ್ಳುವುದೇ ಬೆನ್ನಿಗೆ ಒಳ್ಳೆಯದೆಂದು ನೆರೆಮನೆಯವರು ಹೇಳುತ್ತಾರೆ. ಯಾರ ಮಾತು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಮೂವರ ಮಾತನ್ನೂ ಸ್ವಲ್ಪ ಬದಿಗಿಟ್ಟು, ಗುಳಿ ಬಿದ್ದಿರುವುದು ಹಾಸಿಗೆಯಲ್ಲೋ ಮಂಚದಲ್ಲೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಹಾಸಿಗೆಯನ್ನು ಮಂಚದಿಂದ ಇಳಿಸಿ ಸಮತಟ್ಟಾದ ನೆಲದ ಮೇಲೆ ಹಾಕಿ, ತಲೆಯ ಕಡೆಯಿಂದ ಕಾಲಿನ ಕಡೆಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದು, ಸೊಂಟದ ಜಾಗದಲ್ಲಿ ದಾರಕ್ಕೂ ಹಾಸಿಗೆಗೂ ಎಷ್ಟು ಅಂತರವಿದೆಯೆಂದು ಅಳೆಯಿರಿ. ಮಂಚದ ಮೇಲೆ ಕಾಣುತ್ತಿದ್ದ ಗುಳಿ ನೆಲದ ಮೇಲೆ ಕಾಣದಿದ್ದರೆ ದೋಷ ಮಂಚದ್ದು. ನಮ್ಮ ಮನೆಯಲ್ಲಿಯೇ ಎರಡು ವರ್ಷ ಹಾಸಿಗೆಯನ್ನು ದೂರುತ್ತಿದ್ದೆವು. ಕೊನೆಗೆ ಬಡಗಿಯನ್ನು ಕರೆಸಿದಾಗ ಪ್ಲೈವುಡ್ಡಿನ ಕೆಳಗಿನ ಒಂದು ಅಡ್ಡಪಟ್ಟಿ ಉದ್ದಕ್ಕೂ ಸೀಳಿರುವುದು ಗೊತ್ತಾಯಿತು. ಐದಾರು ಅಡಿ ಅಗಲದ ಮಂಚಕ್ಕೆ ನಡುವೆ ನೆಲ ಮುಟ್ಟುವ ಒಂದು ಕಾಲು ಇರಲೇಬೇಕು. ಅದಿಲ್ಲದಿದ್ದರೆ ಹಲಗೆ ವರ್ಷಗಳು ಕಳೆದಂತೆ ಬಾಗುತ್ತದೆ, ಅದರ ಜೊತೆಗೆ ಹಾಸಿಗೆಯೂ ಬಾಗುತ್ತದೆ. ಇಂತಹ ಮಂಚಕ್ಕೆ ಒಂದು ಕಾಲನ್ನೂ ಎರಡು ಪಟ್ಟಿಗಳನ್ನೂ ಸೇರಿಸುವುದು ಬಡಗಿಗೆ ಅರ್ಧ ದಿನದ ಕೆಲಸ, ಮತ್ತು ಅದನ್ನು ಮಾಡಿಸದೆ ಹೊಸ ಹಾಸಿಗೆ ತಂದರೆ ಅದಕ್ಕೂ ಇದೇ ಗತಿ.

ನೆಲದ ಮೇಲೂ ಗುಳಿ ಹಾಗೆಯೇ ಉಳಿದರೆ ಹಾಸಿಗೆಯ ಆಯುಸ್ಸು ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು. ತೆಂಗಿನ ನಾರಿನ ಹಾಸಿಗೆಯನ್ನು ಮಾಡುವಾಗ ಸುರುಳಿ ಮಾಡಿದ ನಾರಿನ ಮೇಲೆ ರಬ್ಬರ್ ಹಾಲನ್ನು ಸಿಂಪಡಿಸಿ, ಒತ್ತಿ, ಬಿಸಿಯಲ್ಲಿ ಗಟ್ಟಿಯಾಗಿಸುತ್ತಾರೆ. ನಾರುಗಳ ಸಂಧಿಗಳನ್ನು ಹಿಡಿದಿಡುವುದು ಆ ರಬ್ಬರ್. ಮೈಯ ಭಾರ ಹೆಚ್ಚು ಬೀಳುವ ಸೊಂಟದ ಜಾಗದಲ್ಲಿ ವರ್ಷಗಟ್ಟಲೆ ಒತ್ತಡ, ಬೆವರು ಮತ್ತು ಮೈಶಾಖ ಸೇರಿ ರಬ್ಬರ್ ಬಿರುಸಾಗಿ ಸಂಧಿಗಳು ಬಿಟ್ಟುಕೊಳ್ಳುತ್ತವೆ, ನಾರು ತುಂಡಾಗುತ್ತದೆ. ಹಾಸಿಗೆಯನ್ನು ಎತ್ತಿದಾಗ ಮಂಚದ ಮೇಲೆ ಕಂದು ಬಣ್ಣದ ಪುಡಿ ಉದುರಿದ್ದರೆ ಅದೇ ಇದರ ಗುರುತು. ಬಿಟ್ಟುಕೊಂಡ ಸಂಧಿಗಳನ್ನು ಮನೆಯಲ್ಲಿ ಮತ್ತೆ ಕೂಡಿಸುವ ಉಪಾಯವಿಲ್ಲ.

ನಿಮ್ಮ ಮಗನ ಸಲಹೆಯ ಹಿಂದಿನ ಕಾಳಜಿ ಒಳ್ಳೆಯದೇ, ಆದರೆ ಗುಳಿಯ ಮೇಲೆ ಹಾಸಿದ ಫೋಮ್ ಗುಳಿಯ ಆಕಾರವನ್ನೇ ತಾಳುತ್ತದೆ. ಗುಳಿ ಒಂದು ಅಂಗುಲದೊಳಗಿದ್ದರೆ ಬೇರೊಂದು ದಾರಿಯಿದೆ. ಹಳೆಯ ಕಂಬಳಿಯನ್ನೋ ಜಮಖಾನೆಯನ್ನೋ ಮಡಚಿ, ಗುಳಿಯ ಸರಿಯಾಗಿ ಕೆಳಗೆ, ಹಾಸಿಗೆಗೂ ಹಲಗೆಗೂ ನಡುವೆ ಇಡಿ; ಅಂಚಿನಲ್ಲಿ ದಿಢೀರನೆ ಏರು ಬರದಂತೆ ಮಡಿಕೆಗಳನ್ನು ಮೇಲಕ್ಕೆ ಹೋದಂತೆ ಚಿಕ್ಕದಾಗಿಸಿ. ನಾಲ್ಕು ಅಂಗುಲದ ತೆಳು ಹಾಸಿಗೆಯಾದರೆ ಇದರಿಂದ ಕೆಲವು ತಿಂಗಳು ನೆಮ್ಮದಿ ಸಿಗುತ್ತದೆ. ತಲೆಯ ಕಡೆ ಕಾಲಿನ ಕಡೆಗೆ ಬರುವಂತೆ ಮೂರು ತಿಂಗಳಿಗೊಮ್ಮೆ ತಿರುಗಿಸಿ, ಎರಡೂ ಮುಖ ಒಂದೇ ಬಗೆಯದಾಗಿದ್ದರೆ ಮಗುಚಿ ಹಾಕಿ. ಗುಳಿ ಅದಕ್ಕಿಂತ ಬಹಳ ಆಳವಾಗಿದ್ದರೆ, ಅದೂ ಮಲಗುವವರು ಹಿರಿಯರಾಗಿದ್ದರೆ, ಬದಲಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ನೆಲದ ಮೇಲೆ ಮಲಗಿದರೆ ಬೆನ್ನುನೋವು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಬಹುಕಾಲದ ಸೊಂಟನೋವಿದ್ದ 313 ಮಂದಿಯನ್ನು ಸ್ಪೇನ್‌ನಲ್ಲಿ 90 ದಿನಗಳವರೆಗೆ ಗಮನಿಸಿ ಮಾಡಿದ, 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಹಳ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ ಹೆಚ್ಚು ಗುಣ ಕಂಡಿತ್ತು. ಅಲ್ಲದೆ ಈ ವಯಸ್ಸಿನಲ್ಲಿ, ರಾತ್ರಿ ಒಂದೆರಡು ಸಲ ನೆಲದಿಂದ ಎದ್ದು ಬಚ್ಚಲಿಗೆ ಹೋಗಬೇಕಾದವರಿಗೆ, ಚಾಪೆ ನೋವಿಗಿಂತ ದೊಡ್ಡ ಅಪಾಯವನ್ನು ತರಬಲ್ಲದು. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಕಾಲು ಜೋಮು ಹಿಡಿಯುತ್ತಿದ್ದರೆ ಹಾಸಿಗೆಯ ವಿಚಾರವನ್ನು ಬಿಟ್ಟು ಮೊದಲು ವೈದ್ಯರಿಗೆ ತೋರಿಸಿ.

ಹೊಸದನ್ನು ಕೊಳ್ಳುವುದಾದರೆ ಎರಡು ಅಳತೆಗಳನ್ನು ಬರೆದುಕೊಂಡು ಹೋಗಿ. ಒಂದು ಮಂಚದ ಚೌಕಟ್ಟಿನ ಒಳ ಅಳತೆ. ಬಡಗಿಯಿಂದ ಮಾಡಿಸಿದ ಹಳೆಯ ಮಂಚಗಳು ಅಂಗಡಿಯ ಸಿದ್ಧ ಅಳತೆಗೆ ಹೊಂದದಿರುವುದೇ ಹೆಚ್ಚು. ಇನ್ನೊಂದು ಎತ್ತರ. ನಮ್ಮ ಹಳೆಯ ಮಂಚಗಳನ್ನು ಮಾಡಿದ್ದು ನಾಲ್ಕು ಅಂಗುಲದ ಹಾಸಿಗೆಗೆ. ಅದರ ಮೇಲೆ ಎಂಟು ಹತ್ತು ಅಂಗುಲದ ಹಾಸಿಗೆ ಬಂದರೆ ಗಿಡ್ಡ ಮೈಕಟ್ಟಿನ ಹಿರಿಯರ ಕಾಲು ನೆಲಕ್ಕೆ ಎಟುಕುವುದಿಲ್ಲ. ಅಂಚಿನಲ್ಲಿ ಕುಳಿತಾಗ ಪಾದ ಪೂರ್ತಿ ನೆಲ ಮುಟ್ಟಬೇಕು. ಫೋಮ್ ಆರಿಸಿಕೊಂಡರೆ ಅದರ ಸಾಂದ್ರತೆಯನ್ನು ಕೇಳಿ: ಅಂಗಡಿಯವರು 32, 40 ಎಂದು ಹೇಳುವುದು ಒಂದು ಘನ ಮೀಟರಿಗೆ ಎಷ್ಟು ಕಿಲೋ ಎಂಬ ಲೆಕ್ಕ. ಕೈಯಿಂದ ಒತ್ತಿದಾಗ ತಿಳಿಯುವ ಮೆತ್ತಗೆ–ಗಟ್ಟಿ ಬೇರೆ, ಬಾಳಿಕೆಗೆ ಕಾರಣವಾಗುವ ಸಾಂದ್ರತೆ ಬೇರೆ. ಅತ್ತೆಯವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರು ದಿನವೂ ಮಲಗುವ ಮಗ್ಗುಲಲ್ಲಿಯೇ ಹತ್ತು ನಿಮಿಷ ಮಲಗಿಸಿ ನೋಡಿ, ಸಂಕೋಚಪಡಬೇಡಿ.

ಪ್ರಶ್ನೆ: ಮದುವೆಯಲ್ಲಿ ತವರಿನಿಂದ ಕೊಟ್ಟ ಎರಡು ಹಾಸಿಗೆಗಳಿವೆ, ಒಂದು ಹತ್ತಿಯದು, ಇನ್ನೊಂದು ಬೂರುಗದ ಹತ್ತಿಯದು. ಎರಡೂ ಗಂಟು ಗಂಟಾಗಿ ತಗ್ಗು ಬಿದ್ದಿವೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಎಸೆಯಲು ಮನಸ್ಸಿಲ್ಲ. ಸರಿಪಡಿಸಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಹತ್ತಿಯದನ್ನು ಖಂಡಿತ ಎಸೆಯಬೇಡಿ. ಕೆಟ್ಟ ಮೇಲೂ ಬಿಚ್ಚಿ ಹೊಸದಾಗಿ ಮಾಡಿಸಿಕೊಳ್ಳಬಹುದಾದ ಹಾಸಿಗೆ ಅದು. ಹತ್ತಿಯ ಎಳೆಯಲ್ಲಿ ಸಹಜವಾದ ತಿರುಚು ಇರುತ್ತದೆ. ಎಳೆಗಳು ಒಂದಕ್ಕೊಂದು ತೊಡರಿಕೊಂಡು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡಾಗ ಹಾಸಿಗೆ ಉಬ್ಬಿರುತ್ತದೆ. ತೇವ ಮತ್ತು ಭಾರ ಸೇರಿ ಎಳೆಗಳು ಅಂಟಿಕೊಂಡಾಗ ಗಂಟಾಗುತ್ತದೆ. ಹಿಂಜುವುದೆಂದರೆ ಆ ಗಂಟನ್ನು ಎಳೆ ಎಳೆಯಾಗಿ ಬಿಡಿಸಿ ಗಾಳಿಗೆ ಮತ್ತೆ ಜಾಗ ಮಾಡಿಕೊಡುವುದು. ಪಿಂಜಾರರು ಬಿಲ್ಲು ಹೊತ್ತು, ಅದರ ಹುರಿಯನ್ನು ಮಿಡಿಯುತ್ತಾ ಬೀದಿಯಲ್ಲಿ ಬರುತ್ತಿದ್ದ ಕಾಲವನ್ನು ಕಂಡವರು ನಿಮ್ಮ ಮನೆಯಲ್ಲಿಯೂ ಇರಬಹುದು. ಈಗ ಆ ಕೆಲಸ ಹೆಚ್ಚಾಗಿ ಯಂತ್ರದಲ್ಲಿ ನಡೆಯುತ್ತದೆ, ಆದರೆ ಹಿಂಜಿದ ಹತ್ತಿಯನ್ನು ಗವಸಿನೊಳಗೆ ಸಮವಾಗಿ ಹರಡಿ, ಅದು ಸರಿಯದಂತೆ ದಬ್ಬಳದಿಂದ ಅಲ್ಲಲ್ಲಿ ಆರಪಾರ ಹೊಲಿಗೆ ಹಾಕುವುದು ಇಂದಿಗೂ ಕೈಯ ಕೆಲಸ. ಆ ಕೈಗೆ ಸರಿಯಾದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ.

ಕೊಡುವ ಮೊದಲು ಹತ್ತಿಯನ್ನು ತೂಗಿಸಿ. ಹಿಂಜುವಾಗ ದೂಳು ಮತ್ತು ತುಂಡೆಳೆಗಳು ಹೋಗಿ ತೂಕ ಕಡಿಮೆಯಾಗುವುದು ಸಹಜ. ಹೋದಷ್ಟು ಹೊಸ ಹತ್ತಿಯನ್ನು ಸೇರಿಸಿದರೆ ಮೊದಲಿನ ದಪ್ಪ ಬರುತ್ತದೆ. ಗವಸನ್ನು ಬದಲಿಸಿಯೇ ಬಿಡಿ. ಕಪ್ಪು ಬೂಷ್ಟು ಹಿಡಿದ ಹತ್ತಿಯನ್ನು ಮಾತ್ರ ಉಳಿಸಿಕೊಳ್ಳಬೇಡಿ, ಏಕೆಂದರೆ ಬಿಸಿಲಿಗೆ ಹಾಕಿದರೂ ಅದರ ಕಲೆ ಮತ್ತು ವಾಸನೆ ಪೂರ್ತಿ ಹೋಗುವುದಿಲ್ಲ, ಉಬ್ಬಸದವರಿಗೆ ಅದು ತೊಂದರೆ ಕೊಡುತ್ತದೆ.

ಬೂರುಗದ ವಿಷಯ ಬೇರೆ. ಅದರ ಎಳೆ ಟೊಳ್ಳು, ಮೇಣ ಸವರಿದಂತೆ ನುಣುಪು. ಹೀಗಾಗಿ ಹಗುರ, ನೀರನ್ನೂ ಬೇಗ ಹೀರುವುದಿಲ್ಲ. ಆದರೆ ಅದೇ ನುಣುಪಿನಿಂದಾಗಿ ಎಳೆಗಳು ತೊಡರಿಕೊಳ್ಳುವುದಿಲ್ಲ, ಹಳತಾದಂತೆ ಮುರಿದು ಪುಡಿಯಾಗುತ್ತವೆ. ಬಿಚ್ಚಿ, ಬಿಸಿಲಿಗೆ ಹಾಕಿ, ಪುಡಿಯನ್ನು ಜಾಡಿಸಿ, ಉಳಿದದ್ದಕ್ಕೆ ಹೊಸ ಬೂರುಗ ಸೇರಿಸಿ ದಿಂಬು ಮಾಡಿಸಿಕೊಳ್ಳುವುದು ಒಳ್ಳೆಯದು. ಈ ಕೆಲಸವನ್ನು ಒಲೆ, ದೀಪಗಳಿಂದ ದೂರದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಬೇಕು, ಏಕೆಂದರೆ ಬೂರುಗಕ್ಕೆ ಕಿಡಿ ತಗುಲಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ.

ಮಲೆನಾಡಿನ ಮಳೆಯಲ್ಲಿ ಹಾಸಿಗೆ ಮುಗ್ಗಲಾಗುವುದಕ್ಕೆ ಮುಚ್ಚಿದ ಪೆಟ್ಟಿಗೆ ಮಂಚವೂ ಕಾರಣ. ಮಂಚ ಹಾಗಿದ್ದರೆ ಹಲಗೆಗೆ ಒಂದಂಗುಲದ ರಂಧ್ರಗಳನ್ನು ಅಲ್ಲಲ್ಲಿ ಕೊರೆಸಿ, ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಬೇಡಿ, ಮತ್ತು ಎದ್ದ ಕೂಡಲೇ ಹೊದಿಕೆ ಮುಚ್ಚದೆ ಒಂದು ಗಂಟೆ ಗಾಳಿಯಾಡಲು ಬಿಡಿ. ಹೊಳವಾದ ದಿನ ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಫೋಮ್ ಹಾಸಿಗೆಗೆ ಇದು ಸಲ್ಲದು, ಏಕೆಂದರೆ ನೇರ ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕೆ ನೆರಳಿನ ಗಾಳಿ ಸಾಕು.

ಪ್ರಶ್ನೆ: ಹತ್ತು ವರ್ಷಗಳ ಖಾತರಿಯಿದ್ದ ಫೋಮ್ ಹಾಸಿಗೆ ಮೂರೇ ವರ್ಷದಲ್ಲಿ ಕುಸಿದಿದೆ. ಕಂಪನಿಯವರು ಬದಲಿಸಲು ಒಪ್ಪುತ್ತಿಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ಖಾತರಿ ಪತ್ರವನ್ನು ಪೂರ್ತಿ ಓದಿ. ಗುಳಿ ಇಷ್ಟು ಆಳವಿದ್ದರೆ ಮಾತ್ರ, ಹಾಸಿಗೆಯ ಮೇಲೆ ಕಲೆ ಇರದಿದ್ದರೆ ಮಾತ್ರ, ಸರಿಯಾದ ಮಂಚದ ಮೇಲೆ ಬಳಸಿದ್ದರೆ ಮಾತ್ರ ಎಂಬಂತಹ ಷರತ್ತುಗಳು ಅದರಲ್ಲಿ ಸಾಮಾನ್ಯ. ಮೇಲೆ ಹೇಳಿದಂತೆ ದಾರ ಹಿಡಿದು ಗುಳಿಯನ್ನು ಅಳೆದು, ಅಳತೆಪಟ್ಟಿ ಕಾಣುವಂತೆ ಚಿತ್ರ ತೆಗೆಯಿರಿ; ಮಂಚದ ಹಲಗೆಯ ಚಿತ್ರವೂ ಇರಲಿ. ರಸೀದಿಯ ಪ್ರತಿಯೊಡನೆ ಇವನ್ನು ಕಂಪನಿಗೆ ಬರಹದಲ್ಲಿ ಕಳುಹಿಸಿ, ಏಕೆಂದರೆ ದೂರವಾಣಿಯಲ್ಲಿ ಆಡಿದ ಮಾತಿಗೆ ದಾಖಲೆ ಉಳಿಯುವುದಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅಲ್ಲಿಗೆ ಹೋಗಬೇಕು, ಮತ್ತು ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ದೂರಿನ ಶುಲ್ಕವಿಲ್ಲ. ಹಾಸಿಗೆಯನ್ನು ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ. ಮುಂದೆ ವಿಲೇವಾರಿ ಮಾಡುವಾಗಲೂ ಸುಡಬೇಡಿ, ಫೋಮ್ ಉರಿದಾಗ ಹೊರಬರುವ ಹೊಗೆಯಲ್ಲಿ ಸೈನೈಡ್ ಅನಿಲವಿರುತ್ತದೆ. ಒಳಗಿನ ಚೆನ್ನಾಗಿರುವ ಭಾಗವನ್ನು ಕುರ್ಚಿಯ ಮೆತ್ತೆಗೆ ಕತ್ತರಿಸಿಕೊಂಡು, ಉಳಿದದ್ದನ್ನು ನಗರಪಾಲಿಕೆಯ ಕಸದ ವಿಭಾಗಕ್ಕೆ ಮೊದಲೇ ತಿಳಿಸಿ ಒಪ್ಪಿಸಿ.