ಸಣ್ಣ ವರ್ಕ್‌ಶಾಪಿನ ಕಾರ್ಬನ್ ಲೆಕ್ಕ ಯಾರ ಕೈಲಿ ಮಾಡಿಸೋದು?

ಹದಿನೆಂಟು ಜನರ ಮಷೀನ್ ಶಾಪ್, ಜರ್ಮನಿಯ ಗಿರಾಕಿ ಕಾರ್ಬನ್ ಲೆಕ್ಕ (ನಿಮ್ಮ ಕೆಲಸದಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರತ್ತೆ ಅಂತ) ಕೇಳಿದ್ದಾರೆ, ಒಬ್ಬ ಕನ್ಸಲ್ಟೆಂಟ್ ಲಕ್ಷಗಟ್ಟಲೆ ಹೇಳ್ತಾನೆ, ಇನ್ನೊಬ್ಬ ಕೆಲವೇ ಸಾವಿರಕ್ಕೆ ಸರ್ಟಿಫಿಕೇಟ್ ಕೊಡ್ತೀನಿ ಅಂತಾನೆ, ಯಾರನ್ನ ಹಿಡೀಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಇಬ್ಬರನ್ನೂ ಬಿಡಿ. ಮೊದಲು ಗಿರಾಕಿಗೇ ಒಂದು ಮೇಲ್ ಹಾಕಿ: ಇಡೀ ಶಾಪಿನ ವರ್ಷದ ಲೆಕ್ಕ ಬೇಕೋ, ಪೀಸಿಗೆ ಇಷ್ಟು ಅಂತ ಬೇಕೋ? ಹೊರಗಿನವರು ಪರಿಶೀಲಿಸಿರಲೇಬೇಕೋ? ಇಡೀ ಶಾಪಿನ ಲೆಕ್ಕಕ್ಕೆ ಐಎಸ್‌ಒ 14064-1 ಅನ್ನೋ ಅಂತರರಾಷ್ಟ್ರೀಯ ಮಾನದಂಡ, ಪೀಸಿನ ಲೆಕ್ಕಕ್ಕೆ 14067. ಕೆಲಸವೂ ಬೇರೆ, ಖರ್ಚೂ ಬೇರೆ. ನಿಮ್ಮ ಮಾಲು ಬೋಲ್ಟು, ಸ್ಕ್ರೂ ಥರದ್ದಾದರೆ 2026ರ ಜನವರಿಯಿಂದ ಪೂರ್ತಿ ಜಾರಿಗೆ ಬಂದಿರೋ ಯುರೋಪಿನ ಸಿಬಿಎಎಂ (ಆಮದು ಮಾಲಿನ ಕಾರ್ಬನ್ ಮೇಲೆ ಹಾಕೋ ಶುಲ್ಕ) ಲೆಕ್ಕವೇ ಬೇರೆ, ಅದನ್ನೂ ಕೇಳಿಬಿಡಿ.

ನನ್ನದೂ ಪೀಣ್ಯದಲ್ಲಿ ಇಂಥದ್ದೇ ಶಾಪು. ಮೊದಲ ಸಲ ಅಗ್ಗದವರನ್ನೇ ಹಿಡಿದೆ. ಅವರು ಕಳಿಸಿದ ಹುಡುಗ ಮೀಟರಿನ ಫೋಟೊ ನೋಡಿ ರೀಡಿಂಗ್ ಕಳೆದು ಬರಕೊಂಡ. ನಮ್ಮದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೀಟರು, ಆ ವ್ಯತ್ಯಾಸವನ್ನ 20ರಿಂದ ಗುಣಿಸಿದರೇನೇ ಯೂನಿಟ್ಟು. ಅವನು ಗುಣಿಸಲಿಲ್ಲ, ನಾನೂ ನೋಡಲಿಲ್ಲ. ಹಸಿರೆಲೆ ಚಿತ್ರದ ಸರ್ಟಿಫಿಕೇಟಿಗೆ ಫ್ರೇಮೂ ಹಾಕಿಸಿದೆ. ಗಿರಾಕಿ ಕಡೆಯವರು "ಆರು ಸಿಎನ್‌ಸಿ ಮಷೀನಿಗೆ ತಿಂಗಳಿಗೆ 450 ಯೂನಿಟ್ಟೇ?" ಅಂದಾಗ ಮಾತೇ ಹೊರಡಲಿಲ್ಲ.

ಆಮೇಲೆ ನಾನೂ ಅಕೌಂಟೆಂಟೂ ಬಿಲ್ಲುಗಳ ಫೈಲ್ ಹಿಡ್ಕೊಂಡು ಎರಡು ಭಾನುವಾರ ಕೂತೆವು. ವರ್ಷಕ್ಕೆ 1,08,000 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023-24ರ ಸರಾಸರಿ ಯೂನಿಟ್ಟಿಗೆ 0.727 ಕಿಲೊ ಕಾರ್ಬನ್ ಡೈಆಕ್ಸೈಡ್, ಅಲ್ಲಿಗೆ 78.5 ಟನ್. ಜನರೇಟರಿಗೆ 900 ಲೀಟರ್ ಡೀಸೆಲ್, ಲೀಟರಿಗೆ ಸುಮಾರು 2.68 ಕಿಲೊ, 2.4 ಟನ್. ಇಷ್ಟಕ್ಕೆ ಕನ್ಸಲ್ಟೆಂಟ್ ಯಾಕೆ? ತಲೆನೋವು ಇರೋದು ಉಕ್ಕಿನ ಸಾಲಿನಲ್ಲಿ. ಬ್ಲಾಸ್ಟ್ ಫರ್ನೇಸಿನಲ್ಲಿ ಅದಿರಿನಿಂದ ಆದ ಉಕ್ಕಾದರೆ ಒಂದು ಟನ್ನಿಗೆ ಎರಡು ಟನ್ನಿಗೂ ಮೇಲೆ ಕಾರ್ಬನ್, ಸ್ಕ್ರ್ಯಾಪ್ ಕರಗಿಸಿ ಮಾಡಿದ್ದಾದರೆ ಬಹಳ ಕಮ್ಮಿ. ನಾವು ತರೋದು 120 ಟನ್! ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ ಬೀಗಿದ್ದು ನೆನೆದು ನಗು ಬಂತು. ಯಾವ ಮಿಲ್ಲು, ಯಾವ ವಿಧಾನ ಅಂತ ಡೀಲರ್ ಹತ್ತಿರ ಬರೆಸಿಕೊಳ್ಳಿ. ಇಷ್ಟು ಲಕ್ಷದ ಉಕ್ಕು ಅಂದ್ರೆ ಇಷ್ಟು ಟನ್ ಕಾರ್ಬನ್ ಅಂತ ರೂಪಾಯಿ ಮೇಲೆ ಅಂದಾಜು ಕಟ್ಟೋರನ್ನ ನಂಬಬೇಡಿ. ಉಕ್ಕಿನ ರೇಟು ಏರಿದರೆ ಅವರ ಲೆಕ್ಕದಲ್ಲಿ ಹೊಗೆಯೂ ಏರತ್ತೆ.

ಪರಿಶೀಲನೆ ಗಿರಾಕಿ ಕೇಳಿದರೆ ಮಾತ್ರ ಮಾಡಿಸಿ. ಲೆಕ್ಕ ಹಾಕಿದವರ ಕೈಲೇ ಮಾಡಿಸಬೇಡಿ, ಅಂಗಡಿಯವನೇ ತನ್ನ ತಕ್ಕಡಿಗೆ ಮುದ್ರೆ ಒತ್ತಿಕೊಂಡ ಹಾಗಾಗತ್ತೆ. ಪರಿಶೀಲನೆಗೇ ಇರೋ ಐಎಸ್‌ಒ 14064-3 ಪ್ರಕಾರ ಮಾಡ್ತಾರಾ ಕೇಳಿ. ಲಿಮಿಟೆಡ್ ಅಶ್ಯೂರೆನ್ಸ್ (ಅಷ್ಟು ಆಳಕ್ಕೆ ಇಳಿಯದ ಪರಿಶೀಲನೆ) ಸಾಕು ಅಂತ ಗಿರಾಕಿ ಒಪ್ಪಿದರೆ ದುಡ್ಡೂ ಉಳಿಯತ್ತೆ. ನಮ್ಮಲ್ಲಿಗೆ ಪರಿಶೀಲನೆಗೆ ಬಂದ ಮೇಡಂ ನೇರ ಜನರೇಟರ್ ಲಾಗ್‌ಬುಕ್ ಕೇಳಿದರು. ಓಡಿದ ಗಂಟೆ ಕಮ್ಮಿ, ಡೀಸೆಲ್ ಬಿಲ್ಲು ಜಾಸ್ತಿ. ವಿಚಾರಿಸಿದರೆ ಡ್ರೈವರ್ ಅದೇ ಕ್ಯಾನಿಂದ ಟೆಂಪೋಗೂ ಸುರೀತಿದ್ದ. ಈಗ ಟೆಂಪೋಗೆ ಬಂಕಲ್ಲೇ ಹಾಕಿಸ್ತೀವಿ, ಬಿಲ್ ಮೇಲೆ ಗಾಡಿ ನಂಬರ್ ಬರೆಸ್ತೀವಿ.